ಮಾವ ಕೆಡಿಸಿಟ್ಟ ಫ್ರಿಜ್ಜು

ಕೆಟ್ಟ ಫ್ರಿಜ್ಜನ್ನು ರಿಪೇರಿ ಮಾಡುವವರು ನಂಜನಗೂಡಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಚೆನ್ನಾಗಿ ಓಡುತ್ತಿರುವ ಫ್ರಿಜ್ಜನ್ನು ಕೆಡಿಸಿಕೊಡುವವರು ಬೇಕೆಂದರೆ ಮಾತ್ರ ನೀವು ನನ್ನ ಸೋದರಮಾವನ ಮನೆಗೇ ಹೋಗಬೇಕು. ಸುಳ್ಳಲ್ಲ ಕಣ್ರೀ! ಅಷ್ಟು ನಾಜೂಕಾಗಿ, ಅಷ್ಟು ಶ್ರದ್ಧೆಯಿಂದ, ಹೊರಗೆ ಒಂದು ಗೀರೂ ಕಾಣದಂತೆ ಫ್ರಿಜ್ ಕೆಡಿಸುವ ಇನ್ನೊಬ್ಬರನ್ನು ನಾನು ನೋಡಿಲ್ಲ. ಊರವರ ಫ್ರಿಜ್ಜನ್ನಲ್ಲ, ಸ್ವಂತ ಫ್ರಿಜ್ಜನ್ನು. ಅದೂ ವಾರಕ್ಕೊಮ್ಮೆ, ವ್ರತ ಹಿಡಿದವರ ಹಾಗೆ ತಪ್ಪದೆ.

ಇಂಥವರನ್ನು ಹುಚ್ಚರು ಅನ್ನಬಾರದು, ಮೇಷ್ಟ್ರು ಅನ್ನಬೇಕು. ಮಾವ ತರಬೇತಿ ಕೇಂದ್ರವೊಂದರಲ್ಲಿ ಹುಡುಗರಿಗೆ ಫ್ರಿಜ್ಜು, ಏಸಿ ರಿಪೇರಿ ಮತ್ತು ತಗಡಿನ ಕೆಲಸ ಕಲಿಸುತ್ತಿದ್ದರು. ಕೇಂದ್ರದಲ್ಲಿ ಯಂತ್ರಗಳು ಕಡಿಮೆ, ಕಲಿಯುವವರು ಜಾಸ್ತಿ. ಒಬ್ಬೊಬ್ಬನ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಅದಕ್ಕೆ ಮಾವ ಕಂಡುಕೊಂಡ ಉಪಾಯ ಹೀಗಿತ್ತು: ಶನಿವಾರ ಸಂಜೆ ಮನೆಯ ಫ್ರಿಜ್ಜಿನಲ್ಲಿ ಏನಾದರೊಂದು ಕಿತಾಪತಿ ಮಾಡಿಡುವುದು, ಭಾನುವಾರ ಬೆಳಿಗ್ಗೆ ಹುಡುಗರು ಬಂದು ಅದನ್ನು ಪತ್ತೆ ಹಚ್ಚುವುದು. ಒಂದು ವಾರ ತಂತಿ ಸಡಿಲ, ಇನ್ನೊಂದು ವಾರ ಬಾಗಿಲ ರಬ್ಬರಿನಲ್ಲಿ ಸಂದು, ಮತ್ತೊಂದು ವಾರ ಒಳಗಿನ ಪುಟ್ಟ ಫ್ಯಾನಿಗೆ ಸುತ್ತಿದ ದಾರ. ಮಾವನ ಬಾಯಲ್ಲಿ ಇದಕ್ಕೆ 'ಫಾಲ್ಟ್ ಮಡಗೋದು' ಅಂತ ಹೆಸರು. ಬೇರೆ ಮನೆಗಳಲ್ಲಿ ಶನಿವಾರ ಸಂಜೆ ದೋಸೆಗೆ ರುಬ್ಬಿಡುತ್ತಾರಲ್ಲ, ಹಾಗೆ ಆ ಮನೆಯಲ್ಲಿ ಫಾಲ್ಟ್ ಮಡಗುತ್ತಿದ್ದರು.

ಹುಡುಗರು ಕಲಿತರು, ಮಾವನಿಗೆ ಖುಷಿಯಾಯಿತು. ಅನುಭವಿಸಿದ್ದು ನಮ್ಮ ಅತ್ತೆ. ಅವರ ಮೊಸರು ಬೀದಿಗೆಲ್ಲ ಪ್ರಸಿದ್ಧವಾಗಿತ್ತು, ಹುಳಿಗೆ! ಭಾನುವಾರ ಅಲ್ಲಿ ಉಂಡವರು ಸೋಮವಾರದವರೆಗೂ ಒಂದು ಕಣ್ಣು ಮುಚ್ಚಿಕೊಂಡೇ ಮಾತಾಡಬೇಕಾಗುತ್ತಿತ್ತು.

"ಎಲ್ಲಾರ ಮನೇಲೂ ಗಂಡಸ್ರು ಕೆಟ್ಟೋಗಿರದ ಸರಿ ಮಾಡುಸ್ತರೆ. ನಮ್ಮನೇಲಿ ಸರಿಯಾಗಿರದ ಕೆಡುಸ್ತರೆ" ಎಂದು ಅತ್ತೆ ಗೊಣಗುತ್ತಿದ್ದರು.

"ಮೊಸ್ರು ಹುಳಿಯಾದ್ರೆ ಮಜ್ಜಿಗೆಹುಳಿ ಮಾಡ್ಬೋದು ಕಣೆ. ಹುಡುಗ್ರು ಕಲೀದೆ ಹೋದ್ರೆ ಏನ್ ಮಾಡಕಾಯ್ತದೆ?" ಎಂದು ಮಾವ ಸಮಾಧಾನ ಹೇಳುತ್ತಿದ್ದರು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಬೂದುಗುಂಬಳಕಾಯಿ ಹೆಚ್ಚಲು ಕೂರುತ್ತಿದ್ದರು. ಫಾಲ್ಟ್ ಹುಡುಕಿ ಹಸಿದ ಹುಡುಗರ ಪಡೆಗೆಲ್ಲ ಅನ್ನ, ಮಜ್ಜಿಗೆಹುಳಿ ಬಡಿಸಿ, 'ಇನ್ನಸಿ ಆಕ್ಕಳ್ಳಿ' ಎಂದು ಬಲವಂತ ಮಾಡುತ್ತಿದ್ದವರೂ ಅವರೇ. ತಾಂಡ್ಯದ ಕಾರ್ಖಾನೆಗಳಲ್ಲಿ ಇವತ್ತು ತಂಪು ನೋಡಿಕೊಳ್ಳುತ್ತಿರುವ ಎಷ್ಟೋ ಜನರ ಮೈಯಲ್ಲಿ ಆ ಮಜ್ಜಿಗೆಹುಳಿ ಇದೆ.

ಒಂದು ಭಾನುವಾರದ ಕಥೆ ಕೇಳಿ. ಹುಡುಗರು ಬೆಳಿಗ್ಗೆಯಿಂದ ಹುಡುಕಿ, ಫ್ರಿಜ್ಜಿನ ಹಿಂದೆ ಕತ್ತರಿಸಿಹೋಗಿದ್ದ ತಂತಿಯೊಂದನ್ನು ಹಿಡಿದುಕೊಂಡು ಗೆದ್ದವರ ಹಾಗೆ ಬಂದರು. ಮಾವ ಅದನ್ನು ತಿರುಗಿಸಿ ನೋಡಿ ತಲೆಯಾಡಿಸಿದರು. "ತಪ್ಪು. ಇದು ನಾನು ಮಡಗಿದ್ದಲ್ಲ. ಓಗಿ, ಇನ್ನೂ ಹುಡುಕಿ." ಹಾಗಾದರೆ ತಂತಿ ಕತ್ತರಿಸಿದವರು ಯಾರು ಸಾ ಎಂದು ಹುಡುಗರು ಕೇಳಿದರು. ಬಗ್ಗಿ ನೋಡಿದರೆ ಇಲಿಯ ಹಿಕ್ಕೆ! ಅಡುಗೆಮನೆಯಿಂದ ಅತ್ತೆ ಹೇಳಿದರು: "ಸದ್ಯ, ಮನೇಗೆ ಇನ್ನೊಬ್ರು ಮೇಷ್ಟ್ರು ಬಂದವ್ರೆ. ಇನ್ಮೇಲೆ ನೀವು ರಜ ಆಕ್ಬೋದು."

ನಾನು ಈ ಗುರುಕುಲಕ್ಕೆ ಸೇರಿದ್ದು ಆಕಸ್ಮಿಕವಾಗಿ. ನಮ್ಮದು ಟಿ. ನರಸೀಪುರದ ಕಡೆ ಹಳ್ಳಿ. ಮನೆಯಲ್ಲಿ ಒಂದಿಷ್ಟು ಗದ್ದೆ, ಕೊಟ್ಟಿಗೆ ತುಂಬ ಹಸು. ನಾನು ಪಿಯುಸಿಯಲ್ಲಿ ಫೇಲಾದಾಗ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಕೊಟ್ಟಿಗೆಯ ಕಡೆ ಕೈ ತೋರಿಸಿದರು, ಅಷ್ಟೆ. ಹಸುಗಳ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆದರೆ ಜೀವಮಾನವೆಲ್ಲ ಅವುಗಳ ಬೆನ್ನನ್ನೇ ನೋಡಿಕೊಂಡಿರಬೇಕಲ್ಲ ಎಂದು ದಿಗಿಲಾಗುತ್ತಿತ್ತು. ಆ ದಿನಗಳಲ್ಲೇ ಒಂದು ಭಾನುವಾರ ಅಪ್ಪನ ಜೊತೆ ಮಾವನ ಮನೆಗೆ ಹೋದೆ. ನಡುಮನೆಯಲ್ಲಿ ಹುಡುಗರು ಫ್ರಿಜ್ಜಿನ ಬೆನ್ನು ಬಿಚ್ಚಿ ಹಾಕಿ, ನೆಲದ ಮೇಲೆ ಮಲಗಿ, ಗ್ಯಾಸು ಅಂತ ಒಬ್ಬ, ಕಂಪ್ರೆಸರು ಅಂತ ಇನ್ನೊಬ್ಬ ಜಗಳ ಕಾಯುತ್ತಿದ್ದರು. ಮಾವ ಕುರ್ಚಿಯಲ್ಲಿ ಕೂತು ಮೀಸೆಯೊಳಗೇ ನಗುತ್ತಿದ್ದರು. ನಾನು ಗೋಡೆಯ ಕಡೆ ನೋಡಿದೆ. ಪ್ಲಗ್ಗು ಸಾಕೆಟ್ಟಿನೊಳಗೆ ಪೂರ್ತಿ ಹೋಗಿರಲಿಲ್ಲ.

"ಮಾವ, ಇದ ಸರಿಯಾಗಿ ಒತ್ತಿಲ್ಲ" ಎಂದೆ.

ಮಾವ ಎದ್ದು ನಿಂತರು. ನನ್ನನ್ನಲ್ಲ, ಅಪ್ಪನನ್ನು ನೋಡಿ ಹೇಳಿದರು: "ಬಾವ, ನಿಮ್ಮ ಅಸಗಳ ನೀವೇ ನೋಡ್ಕಳಿ. ಇವ್ಳು ಇಲ್ಲೇ ಇರ್ಲಿ."

"ಹೆಣ್ಣುಡ್ಗಿ ಫ್ರಿಜ್ ರಿಪೇರಿ ಮಾಡದ ಯಾರಾರ ಒಪ್ತರಾ?" ಎಂದರು ಅಪ್ಪ.

"ಮುಟ್ಟಿದ್ದು ಯಾರು ಅಂತ ಫ್ರಿಜ್ಜು ಕೇಳಕಿಲ್ಲ ಬಾವ. ಜನ ಕೇಳ್ತರೆ, ಕೇಳ್ಕಳ್ಳಿ ಬುಡಿ."

ಹಾಗೆ ನಾನು ಆ ಮನೆಯಲ್ಲೇ ಉಳಿದುಕೊಂಡು ಕಲಿತೆ. ಮೊದಲು ತಗಡಿನ ಪಾಠ. ತಗಡನ್ನು ಅಳೆದು, ಕತ್ತರಿಸಿ, ಅಂಚು ಮಡಚಿ ಕಸದ ಮೊರ ಮಾಡಬೇಕು. ನನ್ನ ಮೊರ ಒಂದು ಕಡೆಗೆ ವಾಲಿಕೊಂಡು ಹುಟ್ಟಿತು. ಒಳಗೆ ತಳ್ಳಿದ ಕಸ ಇನ್ನೊಂದು ಮೂಲೆಯಿಂದ ಮರ್ಯಾದೆಯಾಗಿ ಆಚೆ ಬರುತ್ತಿತ್ತು! ಎಸೆಯಲು ಹೋದರೆ ಮಾವ ಬಿಡಲಿಲ್ಲ. ಯಾರೇ ಮಾಡಿದ ಮೊದಲ ಸಾಮಾನನ್ನೂ ಎಸೆಯಬಾರದೆಂಬುದು ಅವರ ಕಾನೂನು. ಹೀಗೆ ವರ್ಷವರ್ಷವೂ ಬಂದ ಸೊಟ್ಟ ಮೊರಗಳು ಮನೆಯಲ್ಲಿ ಜಾಗ ಸಾಲದೆ ನೆಂಟರ ಮನೆಗಳಿಗೆ ನಡೆದವು. ಗೃಹಪ್ರವೇಶಕ್ಕೆ ಮೊರ, ನಾಮಕರಣಕ್ಕೆ ಮೊರ. ಮಾವ ಕೈಯಲ್ಲಿ ಪೇಪರು ಸುತ್ತಿದ ಪೊಟ್ಟಣ ಹಿಡಿದು ಬಂದರೆ ಒಳಗೇನಿದೆ ಎಂದು ನಮ್ಮ ಬಳಗದಲ್ಲಿ ಯಾರೂ ಕೇಳುವುದಿಲ್ಲ.

ಅವರ ಜೊತೆ ಮದುವೆಗೆ ಹೋಗುವುದಂತೂ ಇನ್ನೊಂದು ಪರೀಕ್ಷೆ. ಚಿಕ್ಕಯ್ಯನಛತ್ರದ ಕಡೆಯ ನೆಂಟರೊಬ್ಬರ ಮಗಳ ಮದುವೆ, ಹೊಸದಾಗಿ ಏಸಿ ಹಾಕಿಸಿದ ಹಾಲ್‌ನಲ್ಲಿ ನಡೆಯಿತು. ಹುಡುಗಿ ಹೇಗಿದ್ದಾಳೆ, ಊಟಕ್ಕೆ ಏನಿದೆ ಎಂದು ಎಲ್ಲರೂ ನೋಡುತ್ತಿದ್ದರೆ ಮಾವ ಮಾತ್ರ ತಲೆಯೆತ್ತಿ ಸೂರು ನೋಡುತ್ತಿದ್ದರು. ತಂಪು ಗಾಳಿ ಬರುವ ತಗಡಿನ ಕೊಳವೆ ಎಲ್ಲೋ ಗಡಗಡ ಅನ್ನುತ್ತಿತ್ತಂತೆ. ವಾಲಗದ ಅಬ್ಬರದಲ್ಲಿ ಅದು ಇನ್ಯಾರಿಗೆ ಕೇಳಿಸಬೇಕು? ಧಾರೆಯ ಹೊತ್ತಿಗೆ ಸರಿಯಾಗಿ ಮಾವ ಮಂಟಪದ ಹಿಂದಿನ ಏಣಿ ಹತ್ತಿ, ಸಡಿಲವಾಗಿದ್ದ ಸ್ಕ್ರೂ ಬಿಗಿ ಮಾಡಿದರು. ಸದ್ದು ನಿಂತಿತು. ಆ ಮದುವೆಯ ಆಲ್ಬಂ ಈಗಲೂ ಇದೆ. ಧಾರೆಯ ಫೋಟೋದಲ್ಲಿ ಗಂಡು, ಹೆಣ್ಣು, ಪುರೋಹಿತರು, ಎಲ್ಲರ ಮೇಲೆ ಆಶೀರ್ವಾದ ಮಾಡುವಂತೆ ನೇತಾಡುತ್ತಿರುವ ನನ್ನ ಮಾವನ ಕಾಲುಗಳು!

ನಗಬೇಡಿ. ಅಥವಾ ನಕ್ಕುಬಿಡಿ, ನಾನೂ ನಗುತ್ತೇನೆ. ಆದರೆ ಈಗ ನರಸೀಪುರದಲ್ಲಿ ನನ್ನದೇ ಅಂಗಡಿ ಇದೆ. ಸೋಮನಾಥಪುರದ ದೇವಸ್ಥಾನದ ಎದುರಿನ ಜ್ಯೂಸಿನ ಅಂಗಡಿಯಿಂದ ಹಿಡಿದು ಹಳ್ಳಿಗಳ ಹಾಲಿನ ಡೈರಿಗಳವರೆಗೆ ತಂಪು ಕೆಟ್ಟರೆ ನನಗೇ ಫೋನು. ಮೊದಮೊದಲು ಸ್ಕೂಟರಿನಿಂದ ಇಳಿದರೆ "ಮೆಕ್ಯಾನಿಕ್ ಇಂದೆ ಬತ್ತಾವ್ರಾ?" ಎಂದು ರಸ್ತೆ ನೋಡುತ್ತಿದ್ದವರು ಈಗ ಬಾಗಿಲಲ್ಲೇ ಟೀ ಹಿಡಿದು ನಿಲ್ಲುತ್ತಾರೆ. ಅಪ್ಪ ಊರಲ್ಲೆಲ್ಲ ನನ್ನ ಮಗಳು ಅಂತ ಹೇಳಿಕೊಂಡು ತಿರುಗುತ್ತಾರೆ. ನಾನು ಉಣ್ಣುವ ಅನ್ನ ಆ ಕೆಟ್ಟ ಫ್ರಿಜ್ಜಿನೊಳಗಿಂದ ಬಂದದ್ದು. ಇದನ್ನು ಮಾವನ ಎದುರಿಗೆ ಹೇಳಲು ಹೋದರೆ ಅವರು "ಗ್ಯಾಸ್ ರೇಟ್ ಏಟಾಗದೆ ಈಗ?" ಎಂದು ಮಾತು ತಿರುಗಿಸಿಬಿಡುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಾವ ರಿಟೈರಾದ ಮೇಲೂ ಭಾನುವಾರದ ಪಾಠ ನಿಲ್ಲಲಿಲ್ಲ. ನಿಂತದ್ದು ಅತ್ತೆಗೆ ಸಕ್ಕರೆ ಕಾಯಿಲೆ ಜೋರಾಗಿ, ಚುಚ್ಚಿಕೊಳ್ಳುವ ಔಷಧಿ ಬಂದಾಗ. ಅದು ತಂಪಿನಲ್ಲೇ ಇರಬೇಕು, ಇಲ್ಲದಿದ್ದರೆ ಕೆಡುತ್ತದೆ ಎಂದು ಡಾಕ್ಟರು ಹೇಳಿದ ದಿನವೇ ಮಾವ ಸ್ಪ್ಯಾನರನ್ನು ಟ್ರಂಕಿನಲ್ಲಿಟ್ಟರು. "ಇನ್ಮೇಲೆ ಇದ್ರಲ್ಲಿ ಫಾಲ್ಟ್ ಮಡಗಕಿಲ್ಲ" ಎಂದು ಫ್ರಿಜ್ಜಿನ ಮೇಲೆ ಕೈಯಿಟ್ಟು ಆಣೆ ಮಾಡಿದರು. ಹುಡುಗರು ಬರುವುದು ನಿಂತಿತು. ಅತ್ತೆ ಮದುವೆಯಾಗಿ ಬಂದ ಮೇಲೆ ಮೊದಲ ಬಾರಿಗೆ ಆ ಮನೆಯಲ್ಲಿ ಮೊಸರು ಸಿಹಿಯಾಗಿ ಉಳಿಯಿತು. ಮಾವ ಅದನ್ನು ಅನ್ನಕ್ಕೆ ಕಲಸಿಕೊಂಡು, "ಏನೋ ಕಣವ್ವ, ಇದ್ರಲ್ಲಿ ರುಚಿನೇ ಇಲ್ಲ" ಎನ್ನುತ್ತಿದ್ದರು.

ಈಚೆಗೆ ಅವರಿಗೆ ಕಣ್ಣು ಮಂಜಾಗಿದೆ. ಒಪ್ಪಿಕೊಳ್ಳುವವರಲ್ಲ. ಪೇಪರನ್ನು ಮೂಗಿಗೆ ತಾಗಿಸಿಕೊಂಡು, "ಈ ಪೇಪರ್ನೋರು ಅಕ್ಸರ ಸಣ್ಣ ಮಾಡ್ಬುಟ್ಟವ್ರೆ" ಎಂದು ದೂರುತ್ತಾರೆ.

ಈ ಬೇಸಿಗೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಾವನ ಫೋನು ಬಂತು. "ಮಗಾ, ಬಿಡುವಾಗಿದ್ರೆ ಬಾ. ಫಾಲ್ಟ್ ಮಡಗಿದ್ದೀನಿ. ಕಂಡುಹಿಡೀತೀಯೇನೋ ನೋಡವ."

ನನಗೆ ಸಿಟ್ಟೇ ಬಂತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುವುದು ಇದಕ್ಕೇ! ಅತ್ತೆಯ ಔಷಧಿ ಇರುವ ಫ್ರಿಜ್ಜನ್ನು ಕೆಡಿಸುವುದೇ? ನಂಜನಗೂಡಿನವರೆಗೂ ಸ್ಕೂಟರಿನಲ್ಲಿ ಬೈಯುವ ಮಾತುಗಳನ್ನು ಜೋಡಿಸಿಕೊಂಡೇ ಹೋದೆ.

"ಔಷಧಿ ಎಲ್ಲಿ ಅತ್ತೆ?" ಎಂದು ಬಾಗಿಲಲ್ಲೇ ಕೇಳಿದೆ.

"ಪಕ್ಕದ್ಮನೆ ಫ್ರಿಜ್ಜಲ್ಲಿ ಅದೆ ಕಣವ್ವ" ಎಂದ ಅತ್ತೆ ಮಾವನ ಕಡೆ ಒಮ್ಮೆ ನೋಡಿ ಅಡುಗೆಮನೆಗೆ ಹೋದರು. ಎಂದೂ ಗೊಣಗದೆ ಹೋಗುವವರಲ್ಲ. ಮಾವ ಹಳೆಯ ಕುರ್ಚಿಯಲ್ಲಿ ಕೂತು, "ಊಂ, ಸುರು ಮಾಡು" ಎಂದರು.

ಫ್ರಿಜ್ಜು ಓಡುತ್ತಿತ್ತು, ತಂಪಾಗುತ್ತಿರಲಿಲ್ಲ. ಗ್ಯಾಸ್ ಎಲ್ಲೋ ಸೋರುತ್ತಿದೆ ಎಂದು ತಿಳಿಯಿತು. ಸೋರಿಕೆ ಹುಡುಕುವುದು ಹೇಗೆಂದರೆ, ಕೊಳವೆಯ ಒಂದೊಂದು ಬೆಸುಗೆಗೂ ಸೋಪಿನ ನೊರೆ ಹಚ್ಚಿ ಕಾಯಬೇಕು. ಸೋರುವ ಕಡೆ ಗುಳ್ಳೆ ಏಳುತ್ತದೆ. ಇದನ್ನು ಕಲಿಸಿದ್ದೂ ಮಾವನೇ. ನೊರೆ ಕಲಸಿಕೊಂಡು ಫ್ರಿಜ್ಜಿನ ಹಿಂದೆ ಕೂತೆ. ಮೊದಲ ಬೆಸುಗೆಗೆ ಕೈ ಹಾಕಿದರೆ, ಅಲ್ಲಿ ಆಗಲೇ ಸೋಪು ಹಚ್ಚಿ ಒಣಗಿದ ಬಿಳಿ ಗುರುತಿತ್ತು. ಎರಡನೆಯದನ್ನು ನೋಡಿದೆ. ಅಲ್ಲೂ ಇತ್ತು. ಟಾರ್ಚ್ ಹಾಕಿ ನೋಡಿದರೆ ಒಂದು ಬೆಸುಗೆಯೂ ಬಿಟ್ಟಿರಲಿಲ್ಲ, ಎಲ್ಲದಕ್ಕೂ ಸೋಪು ಹಚ್ಚಿತ್ತು.

ತಾನೇ ಮಡಗಿದ ಫಾಲ್ಟನ್ನು ಯಾರಾದರೂ ಸೋಪು ಹಚ್ಚಿ ಹುಡುಕುತ್ತಾರೆಯೇ?

ನಾನು ತಲೆ ಎತ್ತಲಿಲ್ಲ. ಬೈಯಲು ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಬಿಟ್ಟು ನೊರೆಯ ಬಟ್ಟಲನ್ನು ಹತ್ತಿರ ಎಳೆದುಕೊಂಡೆ. ಬೇರೆ ಭಾನುವಾರಗಳಲ್ಲಾದರೆ ಮಾವ ಸುಮ್ಮನಿರಲಾರದೆ, "ಕೆಳಿಕ್ಕೆ ನೋಡ್ಲಾ, ಬಲಕ್ಕೆ ನೋಡ್ಲಾ" ಎಂದು ತಾವೇ ಅರ್ಧ ಉತ್ತರ ಹೇಳಿಬಿಡುತ್ತಿದ್ದರು. ಆ ದಿನ ಹೇಳಲು ಅವರಿಗೂ ಉತ್ತರ ಗೊತ್ತಿರಲಿಲ್ಲ.

ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಕಂಪ್ರೆಸರಿನ ಹಿಂದೆ ಕೊಳವೆ ಬಾಗುವ ಕಡೆ ನೊರೆ ಬಳಿದು ಟಾರ್ಚ್ ಹಿಡಿದೆ. ತುಂಬ ಹೊತ್ತಿನ ಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಅದು ಮಾವನಿಗೂ ಎದ್ದಿರಬೇಕು. ಅವರಿಗೆ ಕಂಡಿಲ್ಲ, ಅಷ್ಟೆ.

"ಸಿಕ್ತು ಮಾವ" ಎಂದೆ.

"ಎಂಗ್ ಗೊತ್ತಾಯ್ತು?"

ಫಾಲ್ಟ್ ಸಿಕ್ಕಾಗಲೆಲ್ಲ ಮಾವ ಈ ಪ್ರಶ್ನೆ ಕೇಳುತ್ತಿದ್ದರು, ಗದ್ದ ಮೇಲೆತ್ತಿ, ಪರೀಕ್ಷೆ ಮಾಡುವವರ ಹಾಗೆ. ಆ ದಿನ ಕುರ್ಚಿಯಿಂದ ಎದ್ದು, ನನ್ನ ಪಕ್ಕ ಕಷ್ಟಪಟ್ಟು ನೆಲಕ್ಕೆ ಕೂತು, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದರು.

"ಬಾಗಿರೋ ಕಡೆನೇ ಬೆಸುಗೆ ಬುಡೋದು, ಮೊದ್ಲು ಅಲ್ಲಿ ನೋಡು ಅಂತ ನೀವೇ ಏಳ್ಕೊಟ್ಟಿದ್ರಲ್ಲ ಮಾವ."

"ಏಳಿದ್ನಾ?"

"ಏಳಿದ್ರಿ."

ಮಾವ ನೆಲಕ್ಕೆ ಕೈಯೂರಿ ಎದ್ದು, ಹಿತ್ತಲಿನ ಶೆಡ್ಡಿನಿಂದ ಬೆಸುಗೆಯ ಸಾಮಾನು ತಂದರು. ನಾನು ಬೆಸುಗೆ ಹಾಕಿದೆ. ಅವರು ಅಲುಗದಂತೆ ಕೊಳವೆ ಹಿಡಿದುಕೊಂಡರು. ಕೈ ಮಾತ್ರ ಮೊದಲಿನಷ್ಟೇ ಗಟ್ಟಿಯಾಗಿತ್ತು. ಗ್ಯಾಸ್ ತುಂಬಿ, ಸಂಜೆಯ ಹೊತ್ತಿಗೆ ಫ್ರಿಜ್ಜಿನೊಳಗೆ ತಂಪು ಹತ್ತಿತು. ಅತ್ತೆ ಪಕ್ಕದ ಮನೆಯಿಂದ ಔಷಧಿ ತಂದು ಅದರ ಜಾಗದಲ್ಲಿಟ್ಟರು.

"ಪಾಸು" ಎಂದರು ಮಾವ. "ಆದ್ರೆ ನೆಲ ಗುಡಿಸ್ನಿಲ್ಲ. ಅದ್ಕೆ ಮಾರ್ಕು ಕಟ್." ಅತ್ತೆ ನನ್ನ ಕೈಗೆ ಒಂದು ಮೊರ ಕೊಟ್ಟರು. ನನ್ನದೇ, ವಾಲಿದ್ದು. ತಳ್ಳಿದ ಕಸ ಎಂದಿನಂತೆ ಇನ್ನೊಂದು ಮೂಲೆಯಿಂದ ಆಚೆ ಬಂತು. ಮತ್ತೆ ಮತ್ತೆ ಗುಡಿಸಿದೆ. ಕಣ್ಣು ಒರೆಸಿಕೊಳ್ಳಲು ಒಂದು ನೆಪವೂ ಬೇಕಾಗಿತ್ತು.

ಸ್ಕೂಟರ್ ಹತ್ತುವಾಗ ಮಾವ ಗೇಟಿನವರೆಗೂ ಬಂದರು. "ಮುಂದಿನ ಬಾನ್ವಾರ ಬತ್ತೀಯಾ ಮಗಾ? ಶೆಡ್ಡಲ್ಲಿ ಹಳೇ ಫ್ರಿಜ್ಜೊಂದ್ ಅದೆ. ಅದ್ರಲ್ಲಿ ಫಾಲ್ಟ್ ಮಡಗಿರ್ತೀನಿ."

"ಬತ್ತೀನಿ ಮಾವ. ಸುಲ್ಬದ್ದ ಮಾತ್ರ ಮಡಗಬೇಡಿ."

ಮಾವ ಮೀಸೆಯೊಳಗೇ ನಕ್ಕರು. ಅವರ ಹಿಂದೆ ನಿಂತಿದ್ದ ಅತ್ತೆ, ಆಯುಷ್ಯವೆಲ್ಲ ಹುಳಿ ಮೊಸರಿಗೆ ಗೊಣಗಿದ ನನ್ನ ಅತ್ತೆ, ಮೆಲ್ಲಗೆ ಹೇಳಿದರು:

"ಬಾ ಕಣವ್ವ. ಶನ್ವಾರದಿಂದ್ಲೇ ಮೊಸ್ರ ಆಚೆ ಮಡಗಿರ್ತೀನಿ, ಮಜ್ಜಿಗೆಹುಳಿಗೆ."