ಚಿಗವ್ವನ ನೀಲಿ ಬಾಟ್ಲಿ

"ಇವತ್ತಿಗೆ ಚಿಗವ್ವನ ಫಾರ್ವರ್ಡ್ ಬಂದ್!" ಎಂದು ದುರ್ಗೇಶ ಮಾಸ್ತರ ಚಹಾದ ಕಪ್ಪು ಕುಕ್ಕಿ ಸಾರಿದ. ಹುಕ್ಕೇರಿಯ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ವಿಜ್ಞಾನ ಕಲಿಸಿದವನು, "ಪರೀಕ್ಷೆ ಮಾಡದೆ ಯಾವುದನ್ನೂ ನಂಬಬೇಡಿ" ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಹರಿದುಕೊಂಡವನು. ಅವನ ಮನೆತನದ ವಾಟ್ಸಾಪ್ ಗ್ರೂಪಿನಲ್ಲೇ ಘೋಡಗೇರಿಯ ಚಿಗವ್ವ, ಅಂದರೆ ಚಿಕ್ಕಮ್ಮ ಇಂದ್ರವ್ವ, ಬೆಳಗಾದರೆ ಒಂದು ಪವಾಡ ಬಿಡುತ್ತಿದ್ದಳು! ಇವತ್ತಿನದು: ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರಿನ ಬಾಟ್ಲಿ ಗೇಟಿಗೆ ಕಟ್ಟಿದರೆ ನಾಯಿ ಆ ಕಡೆ ಸುಳಿಯುವುದಿಲ್ಲ. ಬಳಗವೆಲ್ಲ ನಂಬಿ ಕೂತಿತ್ತು. ಹೀಗಾದರೆ ಇವನು ಯಾವ ಮುಖ ಹೊತ್ತು ಪಾಠ ಮಾಡಬೇಕು?

"ನಾನೇ ಕಟ್ತೇನಿ. ನಾಯಿ ಬಂದು ಮಲಗಿದ್ದನ್ನ ಎಲ್ಲಾರಿಗೂ ತೋರಿಸ್ತೇನಿ!"

"ಬ್ಯಾಡ್ರಿ," ಎಂದಳು ಹೆಂಡತಿ ದೀಪಾ. "ನೋಡಿದವ್ರು ಏನ್ ತಿಳಕೋಬೇಕು?"

"ಪ್ರಯೋಗ ಅಂತ ತಿಳಕೋತಾರ!"

ಕಟ್ಟಿದ. ಬಾಟ್ಲಿಯ ಪಕ್ಕ ಎದೆ ಸೆಟೆಸಿ ನಿಂತು ಫೋಟೋ ತೆಗೆಸಿಕೊಂಡು, ಪ್ರಯೋಗದ ಮೊದಲ ಹಂತವೆಂದು ಗ್ರೂಪಿಗೆ ಹಾಕಿದ. ಹತ್ತು ನಿಮಿಷಕ್ಕೆ ಓಣಿಯ ನಾಯಿ ಕರಿಯ ಬಂತು, ಬಾಟ್ಲಿ ಮೂಸಿತು, ಅದರ ಕೆಳಗೇ ಮಲಗಿ ಗೊರಕೆ ಹೊಡೆಯಿತು. ವಿಜ್ಞಾನಕ್ಕೆ ಜಯ! ಎರಡನೇ ಫೋಟೋ ಹಾಕಲು ನೋಡಿದರೆ, ಮೊದಲನೆಯದು ಆಗಲೇ ಹತ್ತರಗಿ ದಾಟಿ ಕೌಜಲಗಿ ಮುಟ್ಟಿತ್ತು. ಮೇಲೆ ಚಿಗವ್ವನ ಒಕ್ಕಣೆ: "ವಿಜ್ಞಾನ ಮಾಸ್ತರನ ಮನಿಗೂ ಬಾಟ್ಲಿ! ಇನ್ನೇನ್ ಪುರಾವೆ ಬೇಕ್ರಿ?"

ದುರ್ಗೇಶ ಎರಡನೆಯದನ್ನೂ ಹಾಕಿ, ಅವಳಿಗೆ ಫೋನ್ ಮಾಡಿದ. "ಚಿಗವ್ವಾ, ನಾಯಿ ಮಲಗಿದ್ದು ನೋಡಿದ್ಯೋ ಇಲ್ಲೋ?"

"ನೋಡಿದ್ನಿ ತಮ್ಮಾ. ಪಾಪ, ಬಾಟ್ಲಿ ನೋಡಿ ಎಚ್ಚರ ತಪ್ಪಿ ಬಿದ್ದೈತಿ!"

ಮರುದಿನ ಶಾಲೆಗೆ ಹೊರಟವನು ದಂಗಾಗಿ ನಿಂತ. ಗೇಟುಗೇಟಿಗೂ ಬಾಟ್ಲಿ! ಎಳೆಬಿಸಿಲಿಗೆ ಇಡೀ ಓಣಿ ನೀಲಿಯಾಗಿ ಹೊಳೆಯುತ್ತಿತ್ತು. ಸಿಟ್ಟು ಬರಬೇಕಾದಲ್ಲಿ ಅವನಿಗೆ ಬೆರಗಾಯಿತು. ಹನ್ನೆರಡು ವರ್ಷದಲ್ಲಿ ತಾನು ಕಲಿಸಿದ್ದನ್ನು ಒಬ್ಬ ಹುಡುಗನೂ ಮನೆಗೆ ಹೋಗಿ ಮಾಡಿ ನೋಡಿರಲಿಲ್ಲ. ಮೂರನೇ ಇಯತ್ತೆಗೇ ಶಾಲೆ ಬಿಟ್ಟ ಚಿಗವ್ವ ಒಂದೇ ದಿನದಲ್ಲಿ ಊರಿಗೆ ಊರನ್ನೇ ಪ್ರಯೋಗಕ್ಕೆ ಹಚ್ಚಿದ್ದಳು! ಎಂಥಾ ಹೆಂಗಸು!

ಶಾಲೆಯ ಗೇಟಿಗೆ ಆರು ಬಾಟ್ಲಿ. ಹೆಡ್‌ಮಾಸ್ತರ ಕಾಸೀಮಸಾಬರು ಓಡಿ ಬಂದು ಕೈ ಕುಲುಕಿದರು. "ನಿಮ್ಮ ಫೋಟೋ ನೋಡೇ ಕಟ್ಟಿಸೇನ್ರಿ!"

ಅಷ್ಟರಲ್ಲಿ, ದುರ್ಗೇಶನ ಹಿಂದೆಯೇ ಬಂದಿದ್ದ ಕರಿಯ ಆರೂ ಬಾಟ್ಲಿ ದಾಟಿ ಒಳಗೆ ಹೋಗಿ, ಮೆಟ್ಟಿಲ ಮೇಲೆ ಮೈ ಚೆಲ್ಲಿತು.

"ನೋಡ್ರಿ ಸರ, ನೋಡ್ರಿ!" ಎಂದು ದುರ್ಗೇಶ ಕುಣಿದಾಡಿದ.

ಕಾಸೀಮಸಾಬರು ಕನ್ನಡಕ ಏರಿಸಿ ನೋಡಿದರು. "ಅದು ನಿಮ್ಮ ಮನಿ ಮುಂದಿನ ನಾಯಿ ಅಲ್ರಿ? ಬಾಟ್ಲಿ ನೋಡಿ ನೋಡಿ ಅದಕ್ಕ ರೂಢಿ ಆಗೇತ್ರಿ!"