ಏಪ್ರಿಲ್ ಬಿಸಿಲೂ ನನ್ನ ಫ್ರೀಜರ್ ಬಾಕ್ಸೂ

ಸಾವಿನ ಮನೆಯಲ್ಲಿ ನಗಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ವಾರಕ್ಕೆ ನಾಲ್ಕು ಸಾವಿನ ಮನೆಗೆ ಹೋಗುವವನು ಏನು ಮಾಡಬೇಕು? ಹೆಣ ಕೆಡದಂತೆ ಇಡುವ ಫ್ರೀಜರ್ ಬಾಕ್ಸನ್ನು ಬಾಡಿಗೆಗೆ ಕೊಡುವುದು ನನ್ನ ಕೆಲಸ. ಊರು ಶಿಡ್ಲಘಟ್ಟ. ಇರುವುದು ಒಂದೇ ಬಾಕ್ಸು, ಅದನ್ನು ಹೊತ್ತು ತಿರುಗಲು ಒಂದು ಗೂಡ್ಸ್ ಆಟೋ. ಆ ವರ್ಷದ ಏಪ್ರಿಲ್‌ನಲ್ಲಿ ಒಂದು ಹನಿ ಮಳೆ ಬೀಳಲಿಲ್ಲ, ಸೂರ್ಯನಿಗೆ ಒಂದು ಮೋಡ ಅಡ್ಡ ಬರಲಿಲ್ಲ. ಬೆಳಿಗ್ಗೆ ಎಂಟಕ್ಕೇ ಆಟೋ ಹ್ಯಾಂಡಲ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ವಯಸ್ಸಾದವರು ಒಬ್ಬರ ಹಿಂದೆ ಒಬ್ಬರು ಹೊರಟರು. ನನ್ನ ಬಾಕ್ಸಿಗೆ ಬಿಡುವೇ ಇರಲಿಲ್ಲ.

ಗೊರಕೆ

ಪೆರೇಸಂದ್ರದಲ್ಲಿ ಹೈವೇ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದವರು ತೀರಿಕೊಂಡಿದ್ದರು. ಶೀಟಿನ ಮನೆ, ಒಳಗೆ ಬೇಯುತ್ತಿತ್ತು. ನಾನು ಬಾಕ್ಸ್ ಇಟ್ಟು ಸ್ವಿಚ್ ಹಾಕಿದ್ದೇ ತಡ, ಅಳಲು ಬಂದವರೆಲ್ಲ ಒಬ್ಬೊಬ್ಬರಾಗಿ ಅದಕ್ಕೆ ಬೆನ್ನು ಕೊಟ್ಟು ಕೂತರು. ಸತ್ತವರ ಬಾಮೈದ ಮೂರು ದಿನ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟಿದ್ದವನು, ತಂಪಿಗೆ ತಲೆ ಒರಗಿಸಿ ಅಲ್ಲೇ ಮಲಗಿಬಿಟ್ಟ.

ಅಷ್ಟರಲ್ಲಿ ನೆಂಟರ ಹೆಂಗಸೊಬ್ಬಳು ಹಾರ ಹಿಡಿದು ಬಂದಳು. ಉರಿಬಿಸಿಲಿಂದ ಒಳಗೆ ಬಂದ ಕಣ್ಣಿಗೆ ಎಲ್ಲ ಕತ್ತಲು. ಬಾಕ್ಸಿನ ಕಡೆಯಿಂದ ಗೊರ್ರ್ ಅಂತ ಸದ್ದು. ಹಾರ ಬಿಸಾಕಿ, “ಅಯ್ಯೋ, ಉಸಿರಾಡ್ತಾ ಅವ್ರಲ್ರಪ್ಪಾ! ಮುಚ್ಚಳ ತೆಗೀರೋ!” ಅಂತ ಕಿರುಚಿದಳು.

ಮೂಲೆಯಲ್ಲಿ ಕೂತಿದ್ದ ಹೆಂಡತಿ ತಲೆ ಎತ್ತದೆ ಹೇಳಿದರು: “ಅದು ನನ್ನ ತಮ್ಮ ಕಣಮ್ಮ. ನಮ್ಮ ಯಜಮಾನ್ರು ಯಾವತ್ತೂ ಗೊರಕೆ ಹೊಡೆದೋರಲ್ಲ.”

ಆನ್, ಆಫ್

ಮೇಲೂರಿನಲ್ಲಿ ರೇಷ್ಮೆ ಹುಳು ಸಾಕುವವರ ಮನೆ. ಅಜ್ಜಿ ಹೋಗಿದ್ದರು. ಹಿತ್ತಲ ಹುಳುಮನೆಯಲ್ಲಿ ಇನ್ನು ಆರೇಳು ದಿನಕ್ಕೆ ಗೂಡು ಕಟ್ಟಬೇಕಾದ ಹುಳು. ಸೆಕೆಗೆ ಆಗಲೇ ಸಾಯಲು ಶುರುವಾಗಿದ್ದವು. ಕೂಲರ್ ನಿಂತರೆ ಇಡೀ ಬೆಳೆಯೇ ಹೋಗುತ್ತಿತ್ತು. ನಾನು ಬಾಕ್ಸ್ ಹಾಕಿದ ಕೂಡಲೇ ವೋಲ್ಟೇಜ್ ಇಳಿದು ಕೂಲರ್ ನಿಂತಿತು. ಕೂಲರ್ ಹಾಕಿದರೆ ಬಾಕ್ಸ್ ನಿಂತಿತು. ಮಗ ಎರಡರ ನಡುವೆ ನಿಂತು ಅತ್ತ.

“ಅತ್ತೆ ಇದ್ದಿದ್ರೆ, ನನ್ನ ಬಿಡ್ರೋ, ಮೊದ್ಲು ಹುಳ ನೋಡ್ರೋ ಅಂತಿದ್ರು” ಅಂದಳು ಸೊಸೆ. ಕೊನೆಗೆ ಅರ್ಧ ಗಂಟೆ ಹುಳಕ್ಕೆ, ಅರ್ಧ ಗಂಟೆ ಅಜ್ಜಿಗೆ ಅಂತ ತೀರ್ಮಾನವಾಯಿತು. ಮಗ ವಾಚ್ ನೋಡುತ್ತಾ ಸ್ವಿಚ್ ಪಕ್ಕ ಕೂತ.

ಆಗ ಅವನ ಚಿಕ್ಕಪ್ಪ ಬಂದು ಭುಜ ಹಿಡಿದು, “ಎಷ್ಟೊತ್ತಿಗೆ ಹೋದ್ರಪ್ಪ?” ಅಂದರು.

ಅವನು ವಾಚ್‌ನಿಂದ ಕಣ್ಣು ಕೀಳದೆ, “ಈಗ ತಾನೇ ಆಫ್ ಆದ್ರು ಚಿಕ್ಕಪ್ಪ. ಇನ್ನು ಅರ್ಧ ಗಂಟೆಗೆ ಆನ್ ಆಗ್ತಾರೆ” ಅಂದ.

ಹೂವಿನಮ್ಮ

ಚಿಂತಾಮಣಿಯಿಂದ ಖಾಲಿ ಬಾಕ್ಸ್ ತರುವಾಗ ಹುಣಸೆ ಮರದ ಕೆಳಗೆ ಆಟೋ ನಿಲ್ಲಿಸಿದ್ದೆ. ಅಲ್ಲಿ ಹೂ ಮಾರುತ್ತಿದ್ದ ಮುದುಕಿ ಬಾಕ್ಸಿನ ಗಾಜು ಮುಟ್ಟಿ ನೋಡಿ, “ಚಲ್ಲಗಾ ಉಂದಿ ನಾಯನಾ! ಇನ್ನೂ ತಣ್ಣಗೈತೆ. ನನ್ನ ಹೂ ಬಾಡ್ತಾ ಐತೆ, ಒಸಿ ಹೊತ್ತು ಒಳಗಿಡ್ಲಾ?” ಅಂದಳು.

“ಅಮ್ಮಾ, ಅದು ಹೆಣ ಇಡೋದು.”

“ಇರ್ಲಿ ಬಿಡು. ಬೆಳಿಗ್ಗೆಯಿಂದ ನನ್ನ ಹೂ ಎಲ್ಲಾ ಅವರಿಗೇ ಹೋಗಿರೋದು.”

ನಮ್ಮ ಮನೆ

ತಿಂಗಳ ಕೊನೆಗೆ ಬಾಕ್ಸ್ ತೆಗೆದುಕೊಂಡು ನಗರಗೆರೆಯ ಒಂದು ಸಾವಿನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಅಲ್ಲಿಗೇ ಅಣ್ಣನ ಫೋನ್ ಬಂತು. ಅಪ್ಪ ಹೋಗಿಬಿಟ್ಟಿದ್ದರು.

“ತಂಗಿ ಹುಬ್ಬಳ್ಳಿಯಿಂದ ಬರಬೇಕು ಕಣೋ, ಸಂಜೆ ಆಗುತ್ತೆ. ಈ ಬಿಸಿಲಲ್ಲಿ ಅಪ್ಪನ್ನ ಹೆಂಗೋ ಇಡೋದು? ಊರಿಗೆಲ್ಲ ಬಾಕ್ಸ್ ಕೊಡ್ತೀಯ...” ಅಂದ ಅಣ್ಣ.

ಸುತ್ತಮುತ್ತ ಬಾಕ್ಸ್ ಇದ್ದವರಿಗೆಲ್ಲ ಫೋನ್ ಮಾಡಿದೆ. ಯಾವುದೂ ಖಾಲಿ ಇರಲಿಲ್ಲ. ಬೇರೆಯವರ ತಾಯಿ ಮಲಗಿರುವ ಪೆಟ್ಟಿಗೆಯನ್ನು ವಾಪಸ್ ಕೊಡಿ ಅಂತ ಕೇಳುವುದು ಹೇಗೆ? ಅಂಗಳದಲ್ಲಿ ಫೋನ್ ಹಿಡಿದು ನಿಂತಿದ್ದೆ. ಆ ಮನೆಯ ಹಿರಿಮಗ ಫೋನಿನ ಮಾತು ಕೇಳಿಸಿಕೊಂಡಿದ್ದರೇನೋ, ಹತ್ತಿರ ಬಂದರು.

“ಒಬ್ಬ ಮೊಮ್ಮಗ ಬರಬೇಕು. ಅವನು ಮಣ್ಣಿಗೆ ನೇರ ಬರ್ಲಿ. ನಮ್ಮಮ್ಮನ್ನ ಈಗಲೇ ಎತ್ತಿಬಿಡ್ತೀವಿ. ನೀನು ನಿಮ್ಮಪ್ಪನ್ನ ನೋಡ್ಕೋ ಹೋಗಪ್ಪ” ಅಂದರು. ತಮ್ಮ ತಾಯಿಯನ್ನು ಎತ್ತಿ ಚಾಪೆ ಮೇಲೆ ಮಲಗಿಸಿದ ಕೈಗಳೇ ಬಾಕ್ಸನ್ನೂ ಆಟೋಗೆ ಏರಿಸಿದವು.

ಗೌರಿಬಿದನೂರು, ಚಿಕ್ಕಬಳ್ಳಾಪುರ ದಾಟಿ ಮನೆ ಸೇರುವಾಗ ನಡು ಮಧ್ಯಾಹ್ನ. ಅಪ್ಪನನ್ನು ನಾನೇ ಒಳಗೆ ಮಲಗಿಸಿ ಸ್ವಿಚ್ ಹಾಕಿದೆ. ಗಾಜಿನ ಮೇಲೆ ಸಣ್ಣಗೆ ಹನಿ ಕಟ್ಟಿತು.

ಆಗ ಅಮ್ಮ ರೂಮಿನಿಂದ ಅಪ್ಪನ ಮಂಕಿ ಕ್ಯಾಪ್ ಹಿಡಿದುಕೊಂಡು ಬಂದಳು. ಗಾಜು ಮುಟ್ಟಿ ಗಾಬರಿಯಾಗಿ, “ಏನೋ ಇದು ಇಷ್ಟು ತಣ್ಣಗೆ! ಸ್ವಲ್ಪ ಕಮ್ಮಿ ಮಾಡೋ. ನಿಮ್ಮಪ್ಪಂಗೆ ಥಂಡಿ ಆಗಿಬರಲ್ಲ” ಅಂದಳು.

ಅಣ್ಣ ಅಳುತ್ತಿದ್ದವನು ಫಕ್ಕನೆ ನಕ್ಕುಬಿಟ್ಟ. ನನಗೂ ತಡೆಯಲಾಗಲಿಲ್ಲ. ಕೂತಿದ್ದವರೆಲ್ಲ ಸೆರಗು, ಟವಲ್ಲು ಬಾಯಿಗೆ ಹಿಡಿದರು.

ಅಮ್ಮ ನಮ್ಮಿಬ್ಬರ ಕಡೆ ತಿರುಗಿದಳು.

“ನಗ್ರೋ, ನಗ್ರೋ. ನಾಳೆ ಕಷಾಯ ಕಾಯಿಸಿಕೊಡೋಳು ನಾನು ತಾನೇ?”