ಯಾರೂ ಮುಟ್ಟಬೇಡಿ, ತಾನಾಗೇ ಆಗುತ್ತೆ

ಕಂಪ್ಯೂಟರ್ ತಾನಾಗೇ ಕೆಲಸ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಈಗಲೂ ಸುತ್ತ ಯಾರ್ಯಾರಿದ್ದಾರೆ ಎಂದು ನೋಡುತ್ತೇನೆ. ಮಾಡುತ್ತದೆ, ನಿಜ. ಮಾಡಲು ಬಿಡುವ ಜನ ಬೇಕಲ್ಲ!

ತೊಂಬತ್ತರ ದಶಕದ ಕೊನೆಯಲ್ಲಿ ಬಂಗಾರಪೇಟೆಯ ಒಂದು ಖಾಸಗಿ ಡೇರಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ನಾಲ್ಕು ಕಂಪ್ಯೂಟರುಗಳಿಗೆ ತಂತಿ ಎಳೆದು ಒಂದು ದೊಡ್ಡದಕ್ಕೆ ಜೋಡಿಸಿದ್ದೆವು. ಆದರೂ ಹಾಲಿನ ಲೆಕ್ಕದ ಪ್ರೋಗ್ರಾಂ ಬದಲಾದಾಗಲೆಲ್ಲ ನಾನು ಫ್ಲಾಪಿ ಹಿಡಿದು ಮೇಜಿನಿಂದ ಮೇಜಿಗೆ ಅಲೆಯಬೇಕಿತ್ತು.

"ಊಟದ ಹೊತ್ತಲ್ಲಿ ಹೊಸದು ತಾನಾಗೇ ನಾಲ್ಕಕ್ಕೂ ಹೋಗಿ ಕೂರೋ ಹಾಗೆ ಮಾಡು. ಅದಾದರೆ ನಿನ್ನ ಕೆಲಸ ಕಾಯಂ. ಆಗದಿದ್ದರೆ ಬೇರೆಯವರನ್ನ ನೋಡ್ತೀನಿ" ಎಂದರು ಮಾಲೀಕರು. ಅಂದಿನಿಂದ ನನಗೆ ಊಟವೇ ಸೇರಲಿಲ್ಲ.

ಗೋಡೆ ಮೇಲಿನ ಸ್ವಿಚ್ಚು

ಮೊದಲ ದಿನ ಊಟ ಮುಗಿಸಿ ಬಂದು ನೋಡಿದರೆ ನಾಲ್ಕೂ ಕಂಪ್ಯೂಟರುಗಳು ಸತ್ತು ಬಿದ್ದಿವೆ. ಬಿಲ್ಲು ಬರೆಯುವ ಬೇತಮಂಗಲದ ಅಕ್ಕನ ಮೇಲೇ ನನಗೆ ಅನುಮಾನ.

"ಅಕ್ಕಾ, ಆಫ್ ಮಾಡಬೇಡಿ ಅಂತ ಕಾಲಿಗೆ ಬಿದ್ದು ಹೇಳಿದ್ದೆನಲ್ಲ!"

"ನಿನ್ ಕಂಪ್ಯೂಟರ್ ನಾನ್ಯಾಕಮ್ಮ ಮುಟ್ಲಿ? ಅದ್ರ ಸ್ವಿಚ್ಚೆಲ್ಲಾ ಆನಾಗೇ ಐತೆ ನೋಡು. ಊಟಕ್ಕೋಗುವಾಗ ಗೋಡೆ ಮೇಲಿನ್ ಮೈನು ಒಂದೇ ಆರಿಸಿದ್ದು."

ಉಡಿದಾರದ ಬೀಗದಕೈ

ಮರುದಿನ ಪ್ರೋಗ್ರಾಂ ಹೋಗಿ ಕೂತಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ, ಹಾಲಿನ ತೂಕ ದಾಖಲಿಸುವ ಕಾಮಸಮುದ್ರದ ಗುಮಾಸ್ತರು ಕೂಗಾಡತೊಡಗಿದರು.

"ನಾನ್ ಊಟಕ್ಕೋಗಿದ್ದಾಗ ಯಾರ್ಲಾ ಇದನ್ನ ಮುಟ್ಟಿದ್ದು? ಪರದೆ ಅಸ್ರು ಇದ್ದದ್ದು ನೀಲಿ ಆಗೈತೆ!"

"ಯಾರೂ ಮುಟ್ಟಿಲ್ಲ ಸಾರ್. ತಂತಿಯಲ್ಲಿ ತಾನಾಗೇ ಬಂದದ್ದು."

"ತಾನಾಗೇ ಬಂದು ಓಗಾಕೆ ಅದೇನು ಬೆಕ್ಕಾ?"

ಆಗಿನ ಕಂಪ್ಯೂಟರ್ ಪೆಟ್ಟಿಗೆಗಳಿಗೆ ಒಂದು ಪುಟ್ಟ ಬೀಗವಿರುತ್ತಿತ್ತು. ಅದನ್ನು ಹಾಕಿದರೆ ಕೀಬೋರ್ಡಿನ ಯಾವ ಗುಂಡಿ ಒತ್ತಿದರೂ ಕೆಲಸ ಮಾಡದು. ಅಂದಿನಿಂದ ಅವರು ಊಟಕ್ಕೆ ಏಳುವ ಮೊದಲು ಬೀಗ ಹಾಕಿ, ಕೀಲಿಯನ್ನು ಸೊಂಟದ ಉಡಿದಾರಕ್ಕೆ ಕಟ್ಟಿಕೊಳ್ಳತೊಡಗಿದರು. ಅಲ್ಲಿಂದ ಅದನ್ನು ಕೇಳಿ ಪಡೆಯುವ ಧೈರ್ಯ ನನಗಿರಲಿಲ್ಲ.

ನಾಲ್ಕಿಟ್ಟು ಮೂರು

ಮಾಲೀಕರು ಪರೀಕ್ಷೆಗೆ ಬಂದ ದಿನ ಬೆಳಗ್ಗೆಯೇ "ಯಾರೂ ಮುಟ್ಟಬೇಡಿ, ಯಾರೂ ಹತ್ತಿರ ಹೋಗಬೇಡಿ" ಎಂದು ಎಲ್ಲರ ಮುಂದೆ ಗೋಗರೆದೆ. ಅದನ್ನು ಮನಸ್ಸಿಗೆ ಹಚ್ಚಿಕೊಂಡವರು ನಮ್ಮ ಅಟೆಂಡರ್ ಒಬ್ಬರೇ. ಅವರು ಕೆಜಿಎಫ್ ಗಣಿಯಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸುವ ಕೆಲಸ ಮಾಡಿ ನಿವೃತ್ತರಾದವರು. ಮಾರಿಕುಪ್ಪಂ ರೈಲಿನಲ್ಲಿ ದಿನಾ ಬರುತ್ತಿದ್ದರು.

ಊಟದ ಹೊತ್ತಿಗೆ ಸರಿಯಾಗಿ ಅವರು ಸೀಟಿ ಊದಿದರು. "ಎಲ್ಲಾ ಆಚೆ! ಆಚೆ!" ಎಂದು ನಮ್ಮನ್ನೂ ಮಾಲೀಕರನ್ನೂ ಅಂಗಳಕ್ಕೆ ಅಟ್ಟಿ, ಬಾಗಿಲಿಗೆ ಕೆಂಪು ಟವೆಲ್ ಕಟ್ಟಿ ಅಡ್ಡ ನಿಂತರು.

ಹೊಸ ಪ್ರೋಗ್ರಾಂ ಕೂತ ತಕ್ಷಣ ಕಂಪ್ಯೂಟರ್ ಬೀಪ್ ಎನ್ನುವಂತೆ ನಾನೇ ಏರ್ಪಾಡು ಮಾಡಿದ್ದೆ. ಒಳಗಿನಿಂದ ಒಂದು ಬೀಪ್ ಬಂತು. ಅಟೆಂಡರ್ ಬೆರಳು ಮಡಿಸಿದರು. ಎರಡು. ಮೂರು. ಆಮೇಲೆ ಸದ್ದೇ ಇಲ್ಲ. ನಾನು ತೂಕದ ಗುಮಾಸ್ತರ ಸೊಂಟದತ್ತ ನೋಡಿದೆ.

"ಒಳಗೆ ಹೋಗಿ ನೋಡೋಣ" ಎಂದು ಮಾಲೀಕರು ಹೆಜ್ಜೆ ಇಟ್ಟರು.

"ವೇಣಾಂ ಸಾರ್, ಬೇಡ!" ಅಟೆಂಡರ್ ಎರಡೂ ಕೈ ಚಾಚಿದರು. "ನಾಲ್ಕಿಟ್ಟು ಮೂರೇ ಸಿಡಿದೈತೆ. ಒಂದು ಇನ್ನೂ ಒಳಗೇ ಐತೆ. ಅರ್ಧ ಗಂಟೆ ಯಾರೂ ಓಗಂಗಿಲ್ಲ. ಅಂಗೆ ಒಳಕ್ಕೋದೋರ ಕಾಲು ನಾನೇ ಎತ್ಕೊಂಡು ಬಂದಿದ್ದೀನಿ."

ಮಾಲೀಕರು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಅವರ ಬೆಂಗಳೂರು ರೈಲಿನ ಹೊತ್ತಾಯಿತು.

"ಒಳಗೆ ಒಂದು ನರಪಿಳ್ಳೆ ಇಲ್ಲ, ಆದರೂ ಕೆಲಸ ನಡೀತಾ ಇದೆ. ನಾನು ಕೇಳಿದ್ದೂ ಇದನ್ನೇ. ನಿನ್ನ ಕೆಲಸ ಕಾಯಂ ಕಣಮ್ಮ" ಎಂದು ಹೊರಟೇಬಿಟ್ಟರು.

ಅರ್ಧ ಗಂಟೆ ಕಳೆದ ಮೇಲೆ ತೂಕದ ಗುಮಾಸ್ತರು ಗೋಡೆಗೆ ಮುಖ ಮಾಡಿ ಕೀಲಿ ಬಿಚ್ಚಿಕೊಟ್ಟರು. ಒಳಗೆ ಅವರ ಕಂಪ್ಯೂಟರ್ 'ಹಳೆಯದನ್ನು ಅಳಿಸಲೇ?' ಎಂದು ಕೇಳಿ, ಉತ್ತರಕ್ಕೆ ಕಾಯುತ್ತ ಕೂತಿತ್ತು. ಉಳಿದ ಮೂರಕ್ಕೆ ಊಟಕ್ಕೆ ಮೊದಲೇ 'ಕೇಳದೆ ಅಳಿಸು' ಎಂದು ಹೇಳಿಟ್ಟಿದ್ದೆ; ಇದಕ್ಕೆ ಅಷ್ಟರಲ್ಲಿ ಬೀಗ ಬಿದ್ದಿತ್ತು. ಬೀಗ ತೆಗೆದು, ಹೂಂ ಎನ್ನುವ ಗುಂಡಿ ಒತ್ತಿದೆ. ಬೀಪ್ ಎಂದಿತು.

ಕಿಟಕಿಯ ಕೆಳಗೆ ಕಿವಿ ಮುಚ್ಚಿ ಕೂತಿದ್ದ ಅಟೆಂಡರ್ ಮೆಲ್ಲಗೆ ತಲೆ ಎತ್ತಿದರು.

"ಕೈ ಕಾಲು ಎಲ್ಲಾ ಐತಾ ಮೇಡಂ?"

"ಐತೆ ಅಣ್ಣ" ಎಂದೆ. "ಕೆಲ್ಸಾನೂ ಐತೆ."